ಐದು ಗೋಲಿನ ಫಾರ್ವರ್ಡ್

ಶುರುವಿಗೆ ಒಂದು ಲೆಕ್ಕ. 2015-16ರ ಇಂಗ್ಲೆಂಡಿನ ಪ್ರೀಮಿಯರ್ ಲೀಗ್. ಒಬ್ಬ ಫಾರ್ವರ್ಡ್ ಆ ಸಲ 36 ಪಂದ್ಯಗಳಲ್ಲಿ ಮೈದಾನಕ್ಕಿಳಿದ. ಹೊಡೆದ ಗೋಲು ಐದು. ಫಾರ್ವರ್ಡ್ ಅಂದರೆ ಗೋಲು ಹೊಡೆಯಲಿಕ್ಕೇ ಇರುವವನು, ಅಲ್ವಾ? ಏಳು ಪಂದ್ಯಕ್ಕೊಂದು ಗೋಲು ಕೊಡುವವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಇಟ್ಟುಕೊಂಡವರು ಲೆಸ್ಟರ್ ಸಿಟಿಯವರು. ಆ ವರ್ಷ ಲೀಗ್ ಗೆದ್ದವರೂ ಅವರೇ.

ಆ ಫಾರ್ವರ್ಡ್ ಹೆಸರು ಶಿಂಜಿ ಒಕಾಜಾಕಿ. ಜಪಾನಿನವನು. ಇವತ್ತು ಪೂರಾ ಅವನದೇ ಮಾತು. ನಾನು ಏಕವಚನ ಬಳಸಿದರೆ ಬೇಸರ ಮಾಡಿಕೊಳ್ಳಬೇಡಿ. ಇಷ್ಟದ ಆಟಗಾರನಿಗೆ ಬಹುವಚನ ಹಚ್ಚಿದರೆ ಅವನು ದೂರದ ನೆಂಟನಾಗಿಬಿಡುತ್ತಾನೆ. ದ್ರಾವಿಡ್ ಔಟಾದ ಅನ್ನುತ್ತೇವೆ. ದ್ರಾವಿಡ್ ಅವರು ಔಟಾದರು ಅಂತ ಟಿವಿ ಮುಂದೆ ಕೂತು ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಜಪಾನಿನ ಫುಟ್‌ಬಾಲ್ ಅಂದರೆ ನಿಮ್ಮಲ್ಲಿ ಕೆಲವರಿಗೆ ನಕಾಟಾ ನೆನಪಾಗಬಹುದು. ಕಗಾವಾ, ಹೋಂಡಾ ನೆನಪಾಗಬಹುದು. ಅವರೆಲ್ಲ ಚೆಂಡು ಕಾಲಿಗೆ ಸಿಕ್ಕರೆ ನೋಡುವವರು ಎದ್ದು ನಿಲ್ಲುವಂಥ ಆಟಗಾರರು. ಒಕಾಜಾಕಿ ಅಂಥವನಲ್ಲ. ಎತ್ತರ 174 ಸೆಂಟಿಮೀಟರ್. ಓಟದಲ್ಲಿ ಅಂಥ ವೇಗ ಇಲ್ಲ. ಮೂರು ಜನರನ್ನು ಏಮಾರಿಸಿ ಹೋಗುವ ಕೈಚಳಕ, ಕಾಲ್ಚಳಕ ಅನ್ನಬೇಕೇನೋ, ಅದೂ ಇಲ್ಲ. ಆದರೂ 2011ರಿಂದ 2024ರವರೆಗೆ ಹದಿಮೂರು ವರ್ಷ ಯುರೋಪಿನಲ್ಲಿ ಆಡಿದ. ಜರ್ಮನಿ, ಇಂಗ್ಲೆಂಡ್, ಸ್ಪೇನ್, ಕೊನೆಗೆ ಬೆಲ್ಜಿಯಂ. ಇದು ಹೇಗಾಯಿತು ಅನ್ನುವುದು ನನಗೆ ಬಹಳ ದಿನದಿಂದ ಇದ್ದ ಕುತೂಹಲ.

ಹುಟ್ಟಿದ್ದು 1986ರ ಏಪ್ರಿಲ್‌ನಲ್ಲಿ, ಹ್ಯೋಗೊ ಪ್ರಾಂತ್ಯದ ತಕರಾಜುಕಾ ಅನ್ನುವ ಊರಿನಲ್ಲಿ. ಜಪಾನಿನಲ್ಲಿ ಈ ಊರಿನ ಹೆಸರು ಹೇಳಿದರೆ ಜನಕ್ಕೆ ಫುಟ್‌ಬಾಲ್ ನೆನಪಾಗುವುದಿಲ್ಲ, ನಾಟಕ ನೆನಪಾಗುತ್ತದೆ. ಅಲ್ಲೊಂದು ನೂರು ವರ್ಷ ದಾಟಿದ ಸಂಗೀತ ನಾಟಕ ಕಂಪನಿ ಇದೆ. ಅದರಲ್ಲಿ ಗಂಡಿನ ಪಾತ್ರವನ್ನೂ ಹೆಂಗಸರೇ ಮಾಡುತ್ತಾರೆ. ನಮ್ಮ ಹಳೆಯ ಕಂಪನಿ ನಾಟಕಗಳಲ್ಲಿ ಹೆಣ್ಣಿನ ಪಾತ್ರ ಗಂಡಸರದ್ದಾಗಿತ್ತಲ್ಲ, ಅದರ ತಿರುವುಮುರುವು. ಝಗಮಗಿಸುವ ವೇಷ, ನವಿಲುಗರಿಯಂಥ ದೊಡ್ಡ ದೊಡ್ಡ ಗರಿಗಳು. ಅಂಥ ಊರಿನಿಂದ ಇಂಥ ಒಬ್ಬ ಬೆವರಿನ ಮನುಷ್ಯ ಬಂದ. ಇರಲಿ, ವಿಷಯಕ್ಕೆ ಬರುತ್ತೇನೆ.

ಹುಡುಗನಾಗಿದ್ದಾಗ ಊರಿನ ಮಕ್ಕಳ ಕ್ಲಬ್ಬಿನ ಕೋಚ್ ಒಬ್ಬರು ಅವನಿಗೆ ಒಂದು ಮಾತು ಹೇಳಿದ್ದರು. ಜೀವಮಾನವಿಡೀ ಡೈವಿಂಗ್ ಹೆಡರ್ ಹೊಡೆಯೋದನ್ನು ಬಿಡಬೇಡ ಅಂತ. ಡೈವಿಂಗ್ ಹೆಡರ್ ಗೊತ್ತಲ್ಲ? ಚೆಂಡು ಸೊಂಟದ ಮಟ್ಟದಲ್ಲಿ ಬರುತ್ತಿರುತ್ತದೆ. ಕಾಲು ಚಾಚಿದರೆ ಎಟುಕುವುದಿಲ್ಲ. ನೆಗೆದರೆ ತಲೆ ಮೇಲಾಗುತ್ತದೆ. ಆಗ ಮೈಯನ್ನೇ ನೆಲಕ್ಕೆ ಸಮನಾಗಿ ಎಸೆದು ತಲೆ ಕೊಡುವುದು. ಎದುರಿನವನ ಬೂಟು ಮುಖಕ್ಕೆ ಬಿದ್ದರೂ ಬೀಳಬಹುದು. ಕಾಲಿನಲ್ಲಿ ಕಲೆ ಇದ್ದವನಿಗೆ ಇದರ ಅಗತ್ಯ ಕಡಿಮೆ. ಕೋಚ್‌ಗೆ ಹುಡುಗನ ಬಂಡವಾಳ ಎಷ್ಟು ಅಂತ ಆಗಲೇ ಗೊತ್ತಿತ್ತು ಅನ್ನಿಸುತ್ತದೆ. ಒಕಾಜಾಕಿ ಆ ಮಾತನ್ನು ತನ್ನ ಘೋಷವಾಕ್ಯವನ್ನೇ ಮಾಡಿಕೊಂಡ.

ಕೋಬೆಯ ತಕಿಗಾವಾ ದಾಯ್ನಿ ಹೈಸ್ಕೂಲಿನಲ್ಲಿ ಆಡಿ, 2005ರಲ್ಲಿ ಶಿಮಿಜು ಎಸ್-ಪಲ್ಸ್ ಕ್ಲಬ್ ಸೇರಿದ. ಅಲ್ಲಿ ಫಾರ್ವರ್ಡ್‌ಗಳ ಸಾಲಿನಲ್ಲಿ ಅವನದು ಎಂಟನೇ ಸ್ಥಾನ. ಇದನ್ನು ಅವನೇ ನಗುತ್ತಾ ಹೇಳಿಕೊಂಡಿದ್ದಾನೆ. ಎಂಟನೆಯವನು ಅಂದರೆ ಏಳು ಜನಕ್ಕೆ ಜ್ವರ ಬರಬೇಕು, ಇವನು ಆಡಬೇಕು.

ಅಲ್ಲಿ ಅವನಿಗೆ ಸಿಕ್ಕ ಒಬ್ಬ ಗುರು ಫುಟ್‌ಬಾಲಿನವರೇ ಅಲ್ಲ. ಹೆಸರು ತತ್ಸುಓ ಸುಗಿಮೊಟೊ ಅಂತಲೂ ಬರೆಯುತ್ತಾರೆ, ಬೇರೆ ಥರವೂ ಓದುತ್ತಾರೆ, ಜಪಾನಿ ಲಿಪಿಯ ಹೆಸರುಗಳ ಪಾಡೇ ಹಾಗೆ. ನಾವು ಸುಗಿಮೊಟೊ ಅನ್ನೋಣ, ಸಾಕು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಜಪಾನಿನ ರಿಲೇ ತಂಡದಲ್ಲಿ ಓಡಿದ ಸ್ಪ್ರಿಂಟರ್ ಅವರು. ಶಿಮಿಜು ಕ್ಲಬ್ಬಿನಲ್ಲಿ ದೇಹ ಸಾಧನೆಯ ಕೋಚ್ ಆಗಿದ್ದರು. ಒಕಾಜಾಕಿಗೆ ಅವರು ಕಲಿಸಿದ್ದು ಓಡುವುದನ್ನು. ನಗು ಬರುತ್ತದೆ, ಅಲ್ವಾ? ಇಪ್ಪತ್ತು ವರ್ಷದ ವೃತ್ತಿಪರ ಆಟಗಾರನಿಗೆ ಓಡುವುದು ಹೇಗೆ ಅಂತ ಮೊದಲಿನಿಂದ ಪಾಠ. ಆದರೆ ಯೋಚಿಸಿ ನೋಡಿ, ನಮಗೆ ಯಾರಿಗೂ ಓಡುವುದನ್ನು ಯಾರೂ ಕಲಿಸಿರುವುದಿಲ್ಲ. ಮಗುವಾಗಿದ್ದಾಗ ಹೇಗೆ ಓಡಿದೆವೋ ಅದನ್ನೇ ಮುಂದುವರಿಸಿಕೊಂಡು ಬಂದಿರುತ್ತೇವೆ. ಒಕಾಜಾಕಿ ಯುರೋಪಿಗೆ ಹೋದ ಮೇಲೂ ಈ ಪಾಠ ಬಿಡಲಿಲ್ಲ.

2008ರಲ್ಲಿ ಜಪಾನ್ ತಂಡಕ್ಕೆ ಬಂದ. 2009ರಲ್ಲಿ ಏನಾಯಿತೋ ಏನೋ, ಒಂದೇ ವರ್ಷದಲ್ಲಿ ದೇಶಕ್ಕಾಗಿ 15 ಗೋಲು ಹೊಡೆದ. ಅಕ್ಟೋಬರ್‌ನಲ್ಲಿ ಹಾಂಕಾಂಗ್ ವಿರುದ್ಧ ಹ್ಯಾಟ್ರಿಕ್ (ಒಂದೇ ಪಂದ್ಯದಲ್ಲಿ ಮೂರು ಗೋಲು), ಒಂದು ವಾರದೊಳಗೆ ಟೋಗೊ ವಿರುದ್ಧ ಇನ್ನೊಂದು ಹ್ಯಾಟ್ರಿಕ್. ಆದರೆ ಆ ವರ್ಷದ್ದು ಅಂತ ನಾನು ಎತ್ತಿಡುವುದು ಜೂನ್ 6ರ ಒಂದು ಗೋಲನ್ನು. ಊರು ತಾಷ್ಕೆಂಟ್, ಎದುರಾಳಿ ಉಜ್ಬೇಕಿಸ್ತಾನ್. ಗೆದ್ದರೆ ಜಪಾನ್‌ಗೆ ವಿಶ್ವಕಪ್ ಟಿಕೆಟ್ ಖಾತ್ರಿ. ಒಂಬತ್ತನೇ ನಿಮಿಷದಲ್ಲಿ ಒಕಾಜಾಕಿಗೆ ಪಾಸ್ ಬಂತು. ಎಡಗಾಲಿನಲ್ಲಿ ಹೊಡೆದ. ಗೋಲಿ ತಡೆದ. ಚೆಂಡು ಪುಟಿದು ವಾಪಸ್ ಬಂತು. ಹೊಡೆದವನೇ ಮುಂದಕ್ಕೆ ಬಿದ್ದು ತಲೆ ಕೊಟ್ಟ. ಗೋಲು. ಪಂದ್ಯ 1-0. ಆತಿಥೇಯ ದಕ್ಷಿಣ ಆಫ್ರಿಕಾ ಬಿಟ್ಟರೆ 2010ರ ವಿಶ್ವಕಪ್‌ಗೆ ಎಲ್ಲರಿಗಿಂತ ಮೊದಲು ಅರ್ಹತೆ ಪಡೆದದ್ದು ಜಪಾನ್. ಮಕ್ಕಳ ಕ್ಲಬ್ಬಿನ ಆ ಕೋಚ್ ಅದನ್ನು ಟಿವಿಯಲ್ಲಿ ನೋಡಿದ್ದರೆ ಏನಂದುಕೊಂಡಿರಬಹುದು ಅಂತ ಆಗಾಗ ಯೋಚಿಸುತ್ತೇನೆ.

ಟಿಕೆಟ್ ತಂದುಕೊಟ್ಟವನಿಗೇ ಸೀಟು ಸಿಗಲಿಲ್ಲ. ವಿಶ್ವಕಪ್ ಹೊತ್ತಿಗೆ ಕೋಚ್ ಒಕಾಡಾ ಲೆಕ್ಕ ಬದಲಿಸಿ ಹೋಂಡಾನನ್ನು ಮುಂದೆ ನಿಲ್ಲಿಸಿದರು. ಒಕಾಜಾಕಿ ಬೆಂಚಿನಲ್ಲಿ ಕೂತ. ಡೆನ್ಮಾರ್ಕ್ ವಿರುದ್ಧ ಹೋಂಡಾ ಮತ್ತು ಎಂಡೋ ಹೊಡೆದ ಎರಡು ಫ್ರೀಕಿಕ್‌ಗಳನ್ನು ಜಗತ್ತೇ ನೋಡಿತು. ಕೊನೆಯಲ್ಲಿ ಬದಲಿಯಾಗಿ ಬಂದ ಒಕಾಜಾಕಿ ಮೂರನೆಯದನ್ನು ಹೊಡೆದ. ಅದು ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಜಪಾನಿಗರು ಯುರೋಪಿನ ಕ್ಲಬ್ಬುಗಳಿಗೆ ಹೋಗುವ ದಾರಿ ಯಾವಾಗ ತೆರೆಯಿತು? 1977ರಲ್ಲಿ. ಯಾಸುಹಿಕೊ ಒಕುದೆರಾ ಅನ್ನುವವರು ಆಗ ಫುರುಕಾವಾ ಎಲೆಕ್ಟ್ರಿಕ್ ಕಂಪನಿಯ ನೌಕರ, ಕಂಪನಿ ತಂಡದ ಆಟಗಾರ. ಜಪಾನಿನಲ್ಲಿ ಆಗಿನ್ನೂ ವೃತ್ತಿಪರ ಲೀಗೇ ಇರಲಿಲ್ಲ. ಜರ್ಮನಿಯ ಕೊಲೋನ್ ಕ್ಲಬ್ಬಿನ ಕೋಚ್ ಹೆನ್ನೆಸ್ ವೈಸ್‌ವೈಲರ್ ಕಣ್ಣಿಗೆ ಬಿದ್ದರು. ಮೊದಲ ವರ್ಷವೇ ಕೊಲೋನ್ ಲೀಗನ್ನೂ ಕಪ್ಪನ್ನೂ ಗೆದ್ದಿತು. ಒಕುದೆರಾ ಒಂಬತ್ತು ವರ್ಷ ಜರ್ಮನಿಯಲ್ಲಿ ಆಡಿ ಮರಳಿದರು. (ನೋಡಿ, ಇವರಿಗೆ ಬಹುವಚನ ತಾನಾಗಿಯೇ ಬಂತು. ಹಿರಿಯರಲ್ವಾ.) ಜೆ ಲೀಗ್ ಶುರುವಾದದ್ದು 1993ರಲ್ಲಿ. 1998ರಲ್ಲಿ ನಕಾಟಾ ಇಟಲಿಯ ಪೆರುಜಾಗೆ ಹೋಗಿ ಮೊದಲ ಪಂದ್ಯದಲ್ಲೇ ಯುವೆಂಟಸ್ ವಿರುದ್ಧ ಎರಡು ಗೋಲು ಹೊಡೆದ. ಆಮೇಲೆ ದಾರಿ ಹೆದ್ದಾರಿಯಾಯಿತು.

ಆದರೂ ಆ ಕಾಲದಲ್ಲಿ ಒಂದು ಕುಹಕ ಇತ್ತು. ಇವರನ್ನು ಕೊಳ್ಳುವುದು ಆಟಕ್ಕಲ್ಲ, ಜಪಾನಿನಲ್ಲಿ ಜೆರ್ಸಿ ಮಾರಲಿಕ್ಕೆ ಅಂತ. ಆ ಬಾಯಿ ಮುಚ್ಚಿಸಿದ್ದು ಕಗಾವಾ. 2010ರಲ್ಲಿ ಡಾರ್ಟ್‌ಮಂಡ್ ಅವನಿಗಾಗಿ ಕೊಟ್ಟದ್ದು ಮೂರೂವರೆ ಲಕ್ಷ ಯೂರೊ. ಆ ಪ್ರಪಂಚದಲ್ಲಿ ಅದು ಕೊಸರು ಕಾಸು. ಮುಂದಿನ ಎರಡು ವರ್ಷ ಡಾರ್ಟ್‌ಮಂಡ್ ಚಾಂಪಿಯನ್. ಜರ್ಮನಿಯವರೆಲ್ಲ ಜಪಾನಿನ ಕಡೆ ತಿರುಗಿದರು.

ಹಾಗೆ ತಿರುಗಿದವರಲ್ಲಿ ಸ್ಟುಟ್‌ಗಾರ್ಟ್ ಒಂದು. 2011ರ ಜನವರಿಯಲ್ಲಿ ಜಪಾನ್ ಏಷ್ಯನ್ ಕಪ್ ಗೆದ್ದಿತು. ಆ ಟೂರ್ನಿಯಲ್ಲಿ ಒಕಾಜಾಕಿ ಸೌದಿ ಅರೇಬಿಯಾ ವಿರುದ್ಧ ಹ್ಯಾಟ್ರಿಕ್ ಹೊಡೆದಿದ್ದ. ಅಲ್ಲಿಂದ ಸೀದಾ ಜರ್ಮನಿ. ಆದರೆ ಹಳೆಯ ಕ್ಲಬ್ ತಕರಾರು ತೆಗೆಯಿತು, ವಿಷಯ ಫೀಫಾ ತನಕ ಹೋಯಿತು. ಅನುಮತಿ ಸಿಕ್ಕಿ ಅವನು ಮೊದಲ ಪಂದ್ಯ ಆಡುವ ಹೊತ್ತಿಗೆ ಫೆಬ್ರವರಿ ಅರ್ಧ ಕಳೆದಿತ್ತು.

ಸ್ಟುಟ್‌ಗಾರ್ಟ್ ಅವನನ್ನು ಹೆಚ್ಚಾಗಿ ಅಂಚಿನಲ್ಲಿ ಆಡಿಸಿತು. ವಿಂಗ್ ಅನ್ನುತ್ತೇವಲ್ಲ, ಅಲ್ಲಿ. ಅದು ವೇಗ ಇರುವವರ ಜಾಗ. ಲೀಗಿನಲ್ಲಿ 63 ಪಂದ್ಯ, 10 ಗೋಲು. ಒಂದು ಮಾತ್ರ ಬೇರೆಯದೇ ಇತ್ತು. 2012ರ ಫೆಬ್ರವರಿ, ಹ್ಯಾನೋವರ್ ವಿರುದ್ಧ ಬೈಸಿಕಲ್ ಕಿಕ್. ಗಾಳಿಯಲ್ಲಿ ಮಲಗಿ ತಲೆಯ ಹಿಂದಕ್ಕೆ ಹೊಡೆಯುವುದು. ಅದು ಜರ್ಮನಿಯಲ್ಲಿ ಆ ತಿಂಗಳ ಗೋಲಾಗಿ ಆಯ್ಕೆಯಾಯಿತು. ಈ ಬೈಸಿಕಲ್ ಕಿಕ್ಕನ್ನು ನೆನಪಿಟ್ಟುಕೊಳ್ಳಿ. ಮತ್ತೆ ಬರುತ್ತದೆ.

2013ರಲ್ಲಿ ಮೈಂಜ್‌ಗೆ ಹೋದ. ಚಿಕ್ಕ ಕ್ಲಬ್. ಕೋಚ್ ಥಾಮಸ್ ಟುಖೆಲ್. ಮುಂದೆ ಚೆಲ್ಸಿಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ಅದೇ ಟುಖೆಲ್. ಅವರು ಒಕಾಜಾಕಿಯನ್ನು ಅಂಚಿನಿಂದ ಎತ್ತಿ ನಡುವೆ, ಗೋಲಿನ ಎದುರಿಗೆ ಇಟ್ಟರು. ಆ ವರ್ಷ 15 ಗೋಲು. ಜರ್ಮನಿಯ ಲೀಗಿನಲ್ಲಿ ಒಂದು ಋತುವಿನಲ್ಲಿ ಜಪಾನಿಗನೊಬ್ಬ ಅಷ್ಟು ಹೊಡೆದಿರಲಿಲ್ಲ. ಕಗಾವಾನ 13 ಹಿಂದೆ ಬಿತ್ತು. ಮರುವರ್ಷ 12. ಅದೇ ಕಾಲು, ಅದೇ ವೇಗ. ಹತ್ತು ಹದಿನೈದು ಮೀಟರ್ ಪಕ್ಕಕ್ಕೆ ಸರಿಸಿದರು, ಅಷ್ಟೇ. ಇದನ್ನು ಗಮನದಲ್ಲಿಡಿ. ಸರಿಯಾದ ಜಾಗ ಕೊಟ್ಟರೆ ಇವನು ಗೋಲು ಹೊಡೆಯಬಲ್ಲವನೇ ಆಗಿದ್ದ.

ಜಪಾನಿನಿಂದ ಹೊರಟವರೆಲ್ಲ ಯುರೋಪಿಗೇ ಹೋದರು ಅಂತಲ್ಲ. ನಮ್ಮ ದೇಶಕ್ಕೂ ಬಂದರು. ಅರಾಟಾ ಇಜುಮಿಯ ತಂದೆ ಭಾರತೀಯರು, ತಾಯಿ ಜಪಾನಿನವರು. ಅವನು ಜಪಾನಿನ ಪೌರತ್ವ ಬಿಟ್ಟು ಭಾರತದ್ದು ತೆಗೆದುಕೊಂಡು 2013ರಲ್ಲಿ ನಮ್ಮ ದೇಶಕ್ಕೇ ಆಡಿದ. ಇನ್ನೊಬ್ಬ ಕತ್ಸುಮಿ ಯುಸಾ, ಮೋಹನ್ ಬಾಗಾನ್‌ನವನು. 2015ರ ಮೇ 31 ಇಲ್ಲಿ ಯಾರಿಗಾದರೂ ನೆನಪಿದೆಯಾ? ನಮ್ಮ ಕಂಠೀರವ ಕ್ರೀಡಾಂಗಣ. ಐ-ಲೀಗಿನ ಕೊನೆಯ ಪಂದ್ಯ, ಎದುರಿಗೆ ಕೋಲ್ಕತ್ತದ ಅದೇ ಮೋಹನ್ ಬಾಗಾನ್. ಬೆಂಗಳೂರು ಎಫ್‌ಸಿ ಗೆದ್ದರೆ ಕಪ್ ನಮ್ಮದು. ಒಂದು ಗೋಲು ಮುಂದೆಯೂ ಇದ್ದೆವು. ಮುಗಿಯಲು ಮೂರು ನಾಲ್ಕು ನಿಮಿಷ ಇದ್ದಾಗ ಕಾರ್ನರ್ ಕಿಕ್ಕಿಗೆ ಬೆಲ್ಲೊ ರಜಾಕ್ ತಲೆ ಕೊಟ್ಟ. 1-1. ಕಪ್ ಕೋಲ್ಕತ್ತಕ್ಕೆ ಹೋಯಿತು. ನಾನು ಗ್ಯಾಲರಿಯಲ್ಲಿದ್ದೆ. ಆ ರಾತ್ರಿ ಊಟ ಸೇರಲಿಲ್ಲ. ಒಂದು ತಿಂಗಳು ಕಳೆಯುವುದರೊಳಗೆ, ಜೂನ್ 26ಕ್ಕೆ, ಒಕಾಜಾಕಿ ಲೆಸ್ಟರ್ ಸೇರಿದ ಸುದ್ದಿ ಬಂತು. ಆ ಸುದ್ದಿ ನನಗೆ ಆಗ ಏನೂ ಅನ್ನಿಸಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ.

ಯಾರಿಗೆ ತಾನೇ ಅನ್ನಿಸಬೇಕು? ಲೆಸ್ಟರ್ ಹಿಂದಿನ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಪಟ್ಟಿಯ ಕೊನೆಯಲ್ಲಿತ್ತು. ಕೊನೆಯ ಒಂಬತ್ತು ಪಂದ್ಯದಲ್ಲಿ ಏಳು ಗೆದ್ದು ಕೆಳದರ್ಜೆಗೆ ಇಳಿಯುವುದರಿಂದ ಬಚಾವಾಗಿತ್ತು. ಒಕಾಜಾಕಿಯನ್ನು ತಂದಾಗ ಮ್ಯಾನೇಜರ್ ನೈಜೆಲ್ ಪಿಯರ್ಸನ್. ನಾಲ್ಕೇ ದಿನಕ್ಕೆ, ಜೂನ್ 30ರಂದು, ಕ್ಲಬ್ ಅವರನ್ನು ಕೆಲಸದಿಂದ ತೆಗೆಯಿತು. ಮದುವೆ ಮಾಡಿಸಿದ ಮಾವನೇ ಮನೆ ಬಿಟ್ಟು ಹೋದ ಹಾಗೆ. ಜುಲೈನಲ್ಲಿ ಬಂದವರು ಕ್ಲಾಡಿಯೊ ರನಿಯೇರಿ. ಬೆಟ್ಟಿಂಗ್ ಅಂಗಡಿಗಳಲ್ಲಿ ಲೆಸ್ಟರ್ ಲೀಗ್ ಗೆಲ್ಲುವುದಕ್ಕೆ ಒಂದಕ್ಕೆ ಐದು ಸಾವಿರದ ದರ.

ಈಗ ಆಟದೊಳಕ್ಕೆ ಹೋಗೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ನಾನು ಹೇಳಬೇಕಾದದ್ದು ಇರುವುದು ಇಲ್ಲೇ.

ನಾನು ಕಾಲೇಜಿನಲ್ಲಿ ಡಿಫೆಂಡರ್ ಆಗಿದ್ದೆ. ಒಳ್ಳೆಯ ಡಿಫೆಂಡರ್ ಅಲ್ಲ, ಬೇರೆ ಯಾರೂ ಸಿಗದಿದ್ದಾಗ ನಿಲ್ಲಿಸುವಂಥವನು. ಡಿಫೆಂಡರ್‌ಗೆ ಯಾರನ್ನು ಕಂಡರೆ ಭಯ ಅಂತ ಕೇಳಿದರೆ ಎಲ್ಲರೂ ವೇಗದವನನ್ನು ಅನ್ನುತ್ತಾರೆ. ಹೌದು, ಭಯ ಅವನನ್ನು ಕಂಡರೆ. ಆದರೆ ರೇಜಿಗೆ ಹುಟ್ಟಿಸುವವನು ಬೇರೆ. ನಿಮ್ಮ ಕಾಲಿಗೆ ಚೆಂಡು ಬಂದಿದೆ. ತಲೆ ಎತ್ತಿ, ಯಾರಿಗೆ ಕೊಡಲಿ ಅಂತ ನೋಡಬೇಕು. ಅದಕ್ಕೆ ಎರಡು ಸೆಕೆಂಡ್ ಬೇಕು. ಆ ಎರಡು ಸೆಕೆಂಡನ್ನೇ ಕೊಡದೆ ಮೇಲೆ ಬೀಳುವ ಒಬ್ಬ ಇರುತ್ತಾನೆ. ಚೆಂಡು ಕಿತ್ತುಕೊಳ್ಳುವುದು ಅವನಿಗೆ ಮುಖ್ಯವಲ್ಲ. ನೀವು ಎಡಕ್ಕೆ ಕೊಡಬೇಕು ಅಂದುಕೊಂಡಿರುತ್ತೀರಿ, ಅವನು ಎಡಗಡೆಯಿಂದಲೇ ಓಡಿ ಬರುತ್ತಾನೆ. ಬಲಕ್ಕೆ ಕೊಡುತ್ತೀರಿ. ಸರಿ, ಹೋದ ಅಂದುಕೊಂಡರೆ ಈಗ ಬಲಗಡೆಯವನ ಹಿಂದೆ ಅವನೇ. ನೊಣದ ಹಾಗೆ. ಹೊಡೆಯಲಿಕ್ಕೂ ಆಗುವುದಿಲ್ಲ, ಸುಮ್ನೆ ಬಿಡಲಿಕ್ಕೂ ಆಗುವುದಿಲ್ಲ.

ಲೆಸ್ಟರ್ ತಂಡದಲ್ಲಿ ಒಕಾಜಾಕಿ ಆ ನೊಣ. ಕಾಗದದ ಮೇಲೆ ಇಬ್ಬರು ಫಾರ್ವರ್ಡ್‌ಗಳು, ಜೇಮಿ ವಾರ್ಡಿ ಮತ್ತು ಇವನು. ಮೈದಾನದಲ್ಲಿ ಬೇರೆಯೇ. ಎದುರಾಳಿಯ ಡಿಫೆಂಡರ್‌ಗಳನ್ನು ಅಟ್ಟಿಸುವುದು ಮೊದಲ ಕೆಲಸ. ಚೆಂಡು ಅವನನ್ನು ದಾಟಿ ಮುಂದೆ ಹೋಯಿತೋ, ತಿರುಗಿ ಹಿಂದಕ್ಕೆ ಓಡಿ ನಡುಮೈದಾನದ ಆಟಗಾರರಾದ ಕಾಂಟೆ ಮತ್ತು ಡ್ರಿಂಕ್‌ವಾಟರ್ ಜೊತೆ ಸೇರಿಕೊಳ್ಳುವುದು ಎರಡನೇ ಕೆಲಸ. ಆಗ ನಡುಮೈದಾನದಲ್ಲಿ ಇಬ್ಬರ ಬದಲು ಮೂವರಾಗುತ್ತಾರೆ. ಎದುರಾಳಿ ತಂಡದಲ್ಲಿ ಆಟ ಕಟ್ಟುವ ಮಿಡ್‌ಫೀಲ್ಡರ್ ಇರುತ್ತಾನಲ್ಲ, ಅವನಿಗೆ ಉಸಿರಾಡಲು ಜಾಗ ಇರುವುದಿಲ್ಲ. ಮುಂದೆ ಕಾಂಟೆ, ಬೆನ್ನಿಗೆ ಒಕಾಜಾಕಿ. ಅವಸರದ ಪಾಸ್ ಹೋಗುತ್ತದೆ, ಕಾಂಟೆ ಕಸಿಯುತ್ತಾನೆ, ಡ್ರಿಂಕ್‌ವಾಟರ್ ಉದ್ದಕ್ಕೆ ಎತ್ತಿ ಹೊಡೆಯುತ್ತಾನೆ, ವಾರ್ಡಿ ಓಡುತ್ತಾನೆ. ಗೋಲು. ಮರುಪ್ರಸಾರದಲ್ಲಿ ಕಾಂಟೆ ಕಸಿದಲ್ಲಿಂದ ತೋರಿಸುತ್ತಾರೆ. ಆ ಪಾಸ್ ಯಾಕೆ ಅವಸರದ್ದಾಯಿತು ಅಂತ ತೋರಿಸಬೇಕಾದರೆ ಇನ್ನೂ ಐದು ಸೆಕೆಂಡ್ ಹಿಂದಕ್ಕೆ ಹೋಗಬೇಕು. ಅಷ್ಟು ಪುರುಸೊತ್ತು ಟಿವಿಗೆ ಎಲ್ಲಿದೆ?

ಆ ವರ್ಷ ವಾರ್ಡಿ 24 ಗೋಲು, ರಿಯಾದ್ ಮಹ್ರೇಜ್ 17. ವಾರ್ಡಿ ಸತತ ಹನ್ನೊಂದು ಪಂದ್ಯಗಳಲ್ಲಿ ಗೋಲು ಹೊಡೆದು ದಾಖಲೆ ಮಾಡಿದ. ಒಕಾಜಾಕಿ ಸಾಮಾನ್ಯವಾಗಿ ಒಂದು ಗಂಟೆ ಓಡಿ ಸುಸ್ತಾಗುತ್ತಿದ್ದ. ಬೋರ್ಡ್ ಮೇಲೆ ಇಪ್ಪತ್ತು ಅನ್ನುವ ಅಂಕಿ ಹೊತ್ತಿಕೊಳ್ಳುತ್ತಿತ್ತು. ಅದು ಅವನ ನಂಬರ್. ಎತ್ತರದ ಉಯೋವಾ ಒಳಗೆ, ಇವನು ಹೊರಗೆ. ಇದು ಎಷ್ಟು ನಿಯಮಿತ ಅಂದರೆ, ಅರವತ್ತನೇ ನಿಮಿಷ ದಾಟಿದರೆ ನಾನು ಅಡುಗೆಮನೆಗೆ ಹೋಗಿ ಚಹಾ ಇಡುತ್ತಿದ್ದೆ. ಬರುವಷ್ಟರಲ್ಲಿ ಅವನು ಬೆಂಚಿನಲ್ಲಿರುತ್ತಿದ್ದ.

ಅಂಥವನಿಗೂ ಒಂದು ರಾತ್ರಿ ಬಂತು. 2016ರ ಮಾರ್ಚ್ 14, ಸೋಮವಾರ. ನ್ಯೂಕ್ಯಾಸಲ್ ವಿರುದ್ಧ, ಲೆಸ್ಟರ್‌ನದೇ ಮೈದಾನ. ನ್ಯೂಕ್ಯಾಸಲ್‌ಗೆ ಹೊಸ ಮ್ಯಾನೇಜರಾಗಿ ರಫಾ ಬೆನಿಟೆಜ್ ಬಂದ ಮೊದಲ ಪಂದ್ಯ. ಆ ಹೊತ್ತಿಗೆ ಲೆಸ್ಟರ್ ಗೋಲುಗಳನ್ನು ಅಳೆದು ಸುರಿದು ಖರ್ಚು ಮಾಡುತ್ತಿತ್ತು. ವಾಟ್‌ಫರ್ಡ್ ಮೇಲೆ 1-0, ಆಮೇಲೆ ಕ್ರಿಸ್ಟಲ್ ಪ್ಯಾಲೇಸ್ ಮೇಲೆ 1-0, ಸೌತಾಂಪ್ಟನ್ ಮೇಲೆ 1-0. ನಡುವೆ ಇದು. ಎಲ್ಲರಿಗೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತಿದ್ದ ದಿನಗಳು. ಒಂದು ಡ್ರಾ ಆದರೂ ಟಾಟೆನಮ್ ಹತ್ತಿರ ಬರುತ್ತದೆ. 25ನೇ ನಿಮಿಷದಲ್ಲಿ ವಾರ್ಡಿ ತಲೆಯಿಂದ ಚೆಂಡನ್ನು ಗೋಲಿನ ಮುಂದಕ್ಕೆ ತಳ್ಳಿದ. ಒಕಾಜಾಕಿಗೆ ಗೋಲು ಬೆನ್ನಿಗಿತ್ತು. ತಿರುಗಲು ಸಮಯವಿಲ್ಲ. ಹಾಗೇ ಹಿಂದಕ್ಕೆ ಬಿದ್ದು, ಗಾಳಿಯಲ್ಲಿ ಕಾಲೆತ್ತಿ ಹೊಡೆದ. ಬೈಸಿಕಲ್ ಕಿಕ್. ಪಂದ್ಯ 1-0.

ಒಂದು ವಿಷಯ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಜನ ಬೈಸಿಕಲ್ ಕಿಕ್ಕನ್ನು ಕಲಾವಿದರ ಹೊಡೆತ ಅಂದುಕೊಳ್ಳುತ್ತಾರೆ. ಒಕಾಜಾಕಿಯದು ಹಾಗಲ್ಲ. ಅದು ಡೈವಿಂಗ್ ಹೆಡರನ್ನೇ ಮಗುಚಿ ಹಾಕಿದ್ದು. ಚೆಂಡು ಎಟುಕುವುದಿಲ್ಲ, ಮೈಯನ್ನು ಎಸೆ. ಮುಂದಕ್ಕೆ ಬಿದ್ದರೆ ಹೆಡರ್, ಹಿಂದಕ್ಕೆ ಬಿದ್ದರೆ ಬೈಸಿಕಲ್. ತಕರಾಜುಕಾದ ಹುಡುಗನಿಗೆ ಬರುತ್ತಿದ್ದದ್ದು ಅದೊಂದೇ ವಿದ್ಯೆ.

ಮೇ 2ರ ರಾತ್ರಿ ಲೆಸ್ಟರ್ ಆಡಲೇ ಇಲ್ಲ. ಚೆಲ್ಸಿ-ಟಾಟೆನಮ್ ಪಂದ್ಯ. ಟಾಟೆನಮ್ ಗೆಲ್ಲದಿದ್ದರೆ ಲೆಸ್ಟರ್ ಚಾಂಪಿಯನ್. ನಮಗೆ ಅದು ನಡುರಾತ್ರಿ ಹನ್ನೆರಡೂವರೆಗೆ ಶುರು. ಎರಡು ಗೋಲು ಹಿಂದಿದ್ದ ಚೆಲ್ಸಿ 2-2 ಮಾಡಿತು. ಬೆಳಗಿನ ಜಾವ ಎರಡೂವರೆಗೆ ನಾನು ಹಾಲ್‌ನಲ್ಲಿ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮನೆಯವರು ಎದ್ದು ಬಂದು, ಯಾರು ಗೆದ್ದರು ಅಂದರು. ಲೆಸ್ಟರ್ ಅಂದೆ. ಅವರು ಆಡುತ್ತಿದ್ದಾರಾ ಅಂದರು. ಇಲ್ಲ ಅಂದೆ. ಲೈಟ್ ಆರಿಸಿ ಹೋದರು.

ಪ್ರೀಮಿಯರ್ ಲೀಗ್ ಪದಕ ಪಡೆದ ಎರಡನೇ ಜಪಾನಿಗ ಒಕಾಜಾಕಿ. ಮೊದಲನೆಯವನು ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿದ್ದಾಗ ಕಗಾವಾ. ಇಂಗ್ಲೆಂಡಿನ ಪತ್ರಿಕೆಗಳು, ಮಾಜಿ ಆಟಗಾರರು ಎಲ್ಲರೂ ಒಕಾಜಾಕಿಯನ್ನು ಹೊಗಳಿದರು. ನಿಸ್ವಾರ್ಥಿ, ದುಡಿಮೆಗಾರ, ತಂಡದ ಮನುಷ್ಯ. ಈ ಮಾತು ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಕಾಣದ ಕೆಲಸ ಮಾಡಿದವನಿಗೂ ಬೆಲೆ ಸಿಕ್ಕಿತು ಅಂತ ಹೇಳಿ ನಾನೂ ಕೂತುಬಿಡಬಹುದಿತ್ತು. ನೀವೂ ಮನೆಗೆ ಹೋಗಬಹುದಿತ್ತು.

ಆದರೆ ಅವನಿಗೆ ಆ ಹೊಗಳಿಕೆ ರುಚಿಸಲಿಲ್ಲ. ಇದನ್ನು ಅವನು ಮುಚ್ಚಿಡಲೂ ಇಲ್ಲ. ನಾನು ಫಾರ್ವರ್ಡ್, ನನಗೆ ಗೋಲು ಬೇಕು ಅನ್ನುವುದನ್ನು ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ. ನನಗೆ ಈ ಮನುಷ್ಯ ನಿಜವಾಗಿ ಹತ್ತಿರವಾದದ್ದು ಅಲ್ಲಿ. ನಮ್ಮ ಮನೆಗಳಲ್ಲಿ ಹೀಗೆ ಒಬ್ಬರು ಇರುತ್ತಾರಲ್ವಾ? ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರು. ಅವರ ತಾಳ್ಮೆಯನ್ನು ಎಲ್ಲರೂ ಹೊಗಳುತ್ತೇವೆ. ಮೊದಲ ಪಂಕ್ತಿಯಲ್ಲಿ ಕೂರಬೇಕು ಅಂತ ಅವರಿಗೂ ಅನ್ನಿಸುತ್ತದಾ ಅಂತ ಯಾರೂ ಕೇಳುವುದಿಲ್ಲ. ಒಕಾಜಾಕಿ ಯಾರೂ ಕೇಳದೆಯೇ ಹೇಳಿದ.

ಕ್ಲಬ್ಬಿನವರದೂ ಒಂದು ತಮಾಷೆ. ಪ್ರತಿ ಬೇಸಿಗೆಯಲ್ಲಿ ಅವನ ಜಾಗಕ್ಕೆ ದೊಡ್ಡ ದುಡ್ಡು ಕೊಟ್ಟು ಹೊಸ ಫಾರ್ವರ್ಡ್ ತರುತ್ತಿದ್ದರು. 2016ರಲ್ಲಿ ಅಹ್ಮದ್ ಮೂಸಾ, ಇಸ್ಲಾಂ ಸ್ಲಿಮಾನಿ. 2017ರಲ್ಲಿ ಕೆಲೆಚಿ ಇಹೆನಾಚೊ. ಕೆಲವು ವಾರ ಇವನು ಬೆಂಚಿನಲ್ಲಿ. ತಂಡದ ಆಟ ಕುಂಟತೊಡಗಿದ ಮೇಲೆ ಮತ್ತೆ ಇವನಿಗೆ ಕರೆ. ಚಾಂಪಿಯನ್ಸ್ ಲೀಗಿನಲ್ಲಿ ಬ್ರೂಜ್ ವಿರುದ್ಧ ಐದನೇ ನಿಮಿಷದಲ್ಲೇ ಒಂದು ಗೋಲು, ಲೀಗ್ ಕಪ್ಪಿನಲ್ಲಿ ಚೆಲ್ಸಿ ವಿರುದ್ಧ ಎರಡು. ರನಿಯೇರಿ 2017ರ ಫೆಬ್ರವರಿಯಲ್ಲಿ ಕೆಲಸ ಕಳೆದುಕೊಂಡರು. ಪ್ರೀಮಿಯರ್ ಲೀಗ್ ಗೆದ್ದು ವರ್ಷ ತುಂಬಿರಲಿಲ್ಲ. ಕೊನೆಯ ಋತುವಿನಲ್ಲಿ ಒಕಾಜಾಕಿಗೆ ಲೀಗಿನಲ್ಲಿ ಒಂದು ಗೋಲೂ ಬರಲಿಲ್ಲ. ನಾಲ್ಕು ವರ್ಷದ ಲೆಸ್ಟರ್ ಲೆಕ್ಕ, ಲೀಗಿನಲ್ಲಿ 114 ಪಂದ್ಯ, 14 ಗೋಲು.

ಇದೇ ಮನುಷ್ಯ ಜಪಾನಿಗೆ ಆಡುವಾಗ ಬೇರೆಯವನಾಗುತ್ತಿದ್ದ ಅನ್ನುವುದನ್ನೂ ನೋಡಿ. 2017ರ ಮಾರ್ಚ್‌ನಲ್ಲಿ ಥಾಯ್ಲೆಂಡ್ ವಿರುದ್ಧ ದೇಶಕ್ಕಾಗಿ 50ನೇ ಗೋಲು. ಒಟ್ಟು 119 ಪಂದ್ಯ. ಗೋಲಿನ ಲೆಕ್ಕದಲ್ಲಿ ಅವನಿಗಿಂತ ಮುಂದಿರುವವರು ಇಬ್ಬರೇ, ಕಮಾಮೊಟೊ ಮತ್ತು ಕಜುಯೊಶಿ ಮಿಯುರಾ. ಹಾಗಾಗಿ ನನಗೆ ಗೋಲು ಬೇಕು ಅನ್ನುವುದು ಬರೀ ಹಠದ ಮಾತಲ್ಲ. ಅವನಿಗೆ ತನ್ನ ಬಗ್ಗೆ ಗೊತ್ತಿತ್ತು.

2018ರ ರಷ್ಯಾ ವಿಶ್ವಕಪ್‌ನಲ್ಲಿ ಸೆನೆಗಲ್ ವಿರುದ್ಧದ ಪಂದ್ಯ ಸಿಕ್ಕರೆ ಮತ್ತೆ ನೋಡಿ. ಜಪಾನ್ 1-2 ಹಿಂದೆ. ಒಕಾಜಾಕಿ ಬದಲಿಯಾಗಿ ಬಂದು ಮೂರು ನಾಲ್ಕು ನಿಮಿಷ. ಎತ್ತರದ ಚೆಂಡು ಗೋಲಿನ ಮುಂದೆ ಬಂತು. ಗೋಲಿ ಹಿಡಿಯಲು ಮುಂದೆ ಬಂದ. ಒಕಾಜಾಕಿಯೂ ಅಲ್ಲಿಗೇ ನುಗ್ಗಿದ. ಚೆಂಡು ಇಬ್ಬರಿಗೂ ಸಿಗದೆ ಆಚೆ ಹೋಯಿತು. ಇನುಯಿ ಅದನ್ನು ವಾಪಸ್ ತಂದ, ಹೋಂಡಾ ಒಳಗೆ ಹೊಡೆದ. 2-2. ಅಂಕಿಅಂಶದ ಪಟ್ಟಿಯಲ್ಲಿ ಗೋಲು ಹೋಂಡಾ, ಪಾಸ್ ಇನುಯಿ. ಚೆಂಡು ಗೆರೆ ದಾಟುವಾಗ ಒಕಾಜಾಕಿ ಗೋಲಿನ ಬಾಯಲ್ಲಿ ನೆಲದ ಮೇಲಿದ್ದ.

2019ರಲ್ಲಿ ಲೆಸ್ಟರ್ ಒಪ್ಪಂದ ಮುಗಿಯಿತು. ವಯಸ್ಸು 33. ಜಪಾನಿಗೆ ಮರಳಿದ್ದರೆ ಹಾರ ಹಾಕಿ ಬರಮಾಡಿಕೊಳ್ಳುತ್ತಿದ್ದರು. ಅವನು ಸ್ಪೇನಿನ ಎರಡನೇ ದರ್ಜೆಗೆ ಹೋದ. ಮೊದಲು ಮಲಗಾ ಕ್ಲಬ್. ಅಲ್ಲಿನ ಲೀಗ್ ಪ್ರತಿ ಕ್ಲಬ್ಬಿಗೂ ಸಂಬಳದ ಮಿತಿ ಹಾಕುತ್ತದೆ. ಮಲಗಾದ ಮಿತಿಯೊಳಗೆ ಇವನ ಹೆಸರು ಸೇರಲಿಲ್ಲ. ತಾಲೀಮು ಮಾಡಿದ, ಅಭ್ಯಾಸ ಪಂದ್ಯ ಆಡಿದ, ಲೀಗಿನಲ್ಲಿ ಒಂದು ನಿಮಿಷವೂ ಆಡದೆ ಸೆಪ್ಟೆಂಬರ್ ಮೊದಲ ವಾರ ಹೊರಬಿದ್ದ.

ಮರುದಿನವೇ ವೆಸ್ಕಾ ಕ್ಲಬ್ ಕರೆಯಿತು. ಬರೆಯುವಾಗ ಮೊದಲಿಗೆ ಎಚ್ ಹಾಕುತ್ತಾರೆ, ಓದುವಾಗ ನುಂಗುತ್ತಾರೆ. ಪಿರನೀಸ್ ಬೆಟ್ಟಗಳ ಬುಡದಲ್ಲಿರುವ, ಐವತ್ತು ಸಾವಿರದ ಆಸುಪಾಸು ಜನಸಂಖ್ಯೆಯ ಊರು. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರ. ಅಲ್ಲಿ ಅವನನ್ನು ಗೋಲಿನ ಎದುರಿಗೆ ನಿಲ್ಲಿಸಿದರು. 12 ಗೋಲು. ತಂಡದಲ್ಲೇ ಹೆಚ್ಚು ಅವನದು. ವೆಸ್ಕಾ ಎರಡನೇ ದರ್ಜೆಯ ಚಾಂಪಿಯನ್ ಆಗಿ ಮೇಲಕ್ಕೆ ಹೋಯಿತು. ಪ್ರೀಮಿಯರ್ ಲೀಗ್ ಗೆದ್ದದ್ದಕ್ಕಿಂತ ಅವನಿಗೆ ಈ ವರ್ಷವೇ ಹೆಚ್ಚು ನೆಮ್ಮದಿ ಕೊಟ್ಟಿರಬೇಕು ಅಂತ ನನ್ನ ಊಹೆ. ಊಹೆ ಅಷ್ಟೇ.

ಮರುವರ್ಷ ಮೊದಲ ದರ್ಜೆ. ಅಲ್ಲಿ ವೆಸ್ಕಾಗೂ ಕಷ್ಟ, ಅವನಿಗೂ ಕಷ್ಟ. ಮತ್ತೆ ಕೆಳಕ್ಕಿಳಿದರು. ಆಮೇಲೆ ಒಂದು ವರ್ಷ ಕಾರ್ತಹೇನಾ. 2022ರಲ್ಲಿ ಬೆಲ್ಜಿಯಂನ ಸಿಂಟ್ ಟ್ರಾಯ್ಡನ್. ಈ ಕ್ಲಬ್ಬಿನ ಒಡೆತನ ಒಂದು ಜಪಾನಿ ಕಂಪನಿಯದು. ಯುರೋಪಿಗೆ ಹೊರಟ ಜಪಾನಿ ಹುಡುಗರಿಗೆ ಅದು ಮೊದಲ ನಿಲ್ದಾಣ. ವತಾರು ಎಂಡೋ (ಡೆನ್ಮಾರ್ಕ್ ವಿರುದ್ಧ ಫ್ರೀಕಿಕ್ ಹೊಡೆದವನಲ್ಲ, ಬೇರೆಯವನು), ತೊಮಿಯಾಸು, ಕಮಾಡಾ ಎಲ್ಲ ಅಲ್ಲಿ ಆಡಿ ಮುಂದೆ ಹೋದವರು. ಅವರು ಹತ್ತಿದ ನಿಲ್ದಾಣದಲ್ಲಿ ಇವನು ಇಳಿದ. 2024ರ ಮೇ ತಿಂಗಳಲ್ಲಿ, 38ನೇ ವಯಸ್ಸಿನಲ್ಲಿ, ಆಟ ನಿಲ್ಲಿಸಿದ.

ಊರಿಗೆ ಹೋಗಲಿಲ್ಲ. ಮೈಂಜ್‌ನಲ್ಲಿದ್ದ ಕಾಲದಲ್ಲಿ, 2014ರಲ್ಲಿ, ಗೆಳೆಯರ ಜೊತೆ ಸೇರಿ ಬಸಾರಾ ಮೈಂಜ್ ಅನ್ನುವ ಪುಟ್ಟ ಕ್ಲಬ್ ಹುಟ್ಟುಹಾಕಿದ್ದ. ಜರ್ಮನಿಯ ಲೀಗುಗಳ ತೀರಾ ತಳದ ಮೆಟ್ಟಿಲಿನಿಂದ ಶುರು ಮಾಡಿದ ಆ ತಂಡ ಒಂದೊಂದೇ ಮೆಟ್ಟಿಲು ಹತ್ತಿ ಆರನೇ ದರ್ಜೆಗೆ ಬಂದಿತ್ತು. ಆಟ ಬಿಟ್ಟವನು ಅಲ್ಲಿಗೇ ಹೋಗಿ ಕೋಚ್ ಆದ. ಆ ತಂಡದಲ್ಲಿ ಜರ್ಮನಿಗೆ ಬಂದು ಅದೃಷ್ಟ ಹುಡುಕುವ ಜಪಾನಿ ಹುಡುಗರೂ ಇರುತ್ತಾರೆ. ಅವರಲ್ಲೊಬ್ಬ ಗಿಡ್ಡನೆಯ, ವೇಗವಿಲ್ಲದ ಫಾರ್ವರ್ಡ್ ಇದ್ದೇ ಇರುತ್ತಾನೆ. ಅವನನ್ನು ಪಕ್ಕಕ್ಕೆ ಕರೆದು ಒಕಾಜಾಕಿ ಏನು ಹೇಳುತ್ತಾನೆ? ಹಿಂದಕ್ಕೆ ಓಡಿ ಮಿಡ್‌ಫೀಲ್ಡ್‌ಗೆ ಸಹಾಯ ಮಾಡು ಅನ್ನುತ್ತಾನೋ, ಗೋಲಿನ ಮುಂದೆಯೇ ನಿಂತಿರು, ಕದಲಬೇಡ ಅನ್ನುತ್ತಾನೋ? ಎಂದಾದರೂ ಮೈಂಜ್‌ಗೆ ಹೋದರೆ ನಾನು ಮೈದಾನದ ಬದಿಯಲ್ಲಿ ನಿಂತು ಅದನ್ನೊಂದು ಕೇಳಿಸಿಕೊಂಡು ಬರಬೇಕು. ಅವರು ಮಾತಾಡುವುದು ಜಪಾನಿಯಲ್ಲಿ, ನನಗೆ ಅರ್ಥವಾಗುವುದಿಲ್ಲ ಅನ್ನುವುದೊಂದೇ ತೊಂದರೆ.